ಉಚ್ಚರಿಸದ ಎರಡು ಅಕ್ಷರಗಳು

ಈ ವಾರ ತಂಗಿಯ ಮಗಳಿಗೆ ಕೊಟ್ಟಿದ್ದ ಪದಪಟ್ಟಿಯಲ್ಲಿದ್ದವೆಲ್ಲ ಜಿ ಮತ್ತು ಎಚ್ ಜೊತೆಯಾಗಿ ಬರುವ ಇಂಗ್ಲಿಷ್ ಪದಗಳು. ಎಡಕ್ಕೆ ಪದ, ಬಲಕ್ಕೆ ಅರ್ಥ: ನೈಟ್ ಎಂದರೆ ರಾತ್ರಿ, ಡಾಟರ್ ಎಂದರೆ ಮಗಳು, ಡ್ರೌಟ್ ಎಂದರೆ ಬರಗಾಲ, ಬೌ ಎಂದರೆ ಮರದ ದೊಡ್ಡ ಕೊಂಬೆ, ಟ್ರಾಫ್ ಎಂದರೆ ಜಾನುವಾರುಗಳ ಮೇವಿನ ತೊಟ್ಟಿ. ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾ ಬಂದ ಹುಡುಗಿ ನಡುವೆ ನಿಂತು ಮೇಷ್ಟರನ್ನು ಕೇಳಿದಳು: "ಬಾಯಲ್ಲಿ ಹೇಳದ ಅಕ್ಷರವನ್ನು ಕೈಯಲ್ಲಿ ಏಕೆ ಬರೆಯಬೇಕು?" ಮೇಷ್ಟರು ತಲೆಯೆತ್ತದೆ ಉತ್ತರಿಸಿದರು: "ಇಂಗ್ಲಿಷ್ ಇರುವುದೇ ಹಾಗೆ. ಬಾಯಿಪಾಠ ಮಾಡು."

ಅವಳು ಮರುಮಾತಾಡದೆ ಮುಂದಿನ ಪದಕ್ಕೆ ಹೋದಳು. ಅಷ್ಟು ಬೇಗ ಸುಮ್ಮನಾದದ್ದೇ ನನ್ನನ್ನು ಕಲಕಿತು. ಬರೆದಂತೆ ಓದುವ ಭಾಷೆಯಲ್ಲಿ ಮೊದಲ ಅಕ್ಷರ ತಿದ್ದಿದ ಮಗುವಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಬೇರೊಂದಿಲ್ಲ. ಮೇಷ್ಟರು ಒಳ್ಳೆಯವರು, ಗದರುವವರಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾರೆ, ಕಾಗುಣಿತದ ತಪ್ಪನ್ನು ಎಂದೂ ಹಾಗೆಯೇ ಬಿಡುವುದಿಲ್ಲ. ಆದರೆ ಕಲಿಸುವುದೆಂದರೆ ಪಟ್ಟಿಯನ್ನು ಮುಗಿಸುವುದು ಎಂದು ಅವರು ನಂಬಿದ್ದಾರೆ. "ಇರುವುದೇ ಹಾಗೆ" ಎಂಬ ಮಾತು ಅಂದಿನಿಂದ ನನ್ನ ಕಿವಿಯಲ್ಲೇ ಇದೆ, ಏಕೆಂದರೆ ಅದು ನಿಜವಲ್ಲ.

ಇಂಗ್ಲಿಷ್ ಮೊದಲಿನಿಂದಲೂ ಹಾಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ರಾತ್ರಿಗೆ 'ನಿಹ್ಟ್' ಎಂದೂ ಮಗಳಿಗೆ 'ದೊಹ್ಟರ್' ಎಂದೂ ಹೇಳುತ್ತಿದ್ದರು. ನಡುವಿನ ಆ ಹಕಾರವನ್ನು ನಾಲಿಗೆಯ ಹಿಂಭಾಗದಲ್ಲಿ ಉಸಿರನ್ನು ಉಜ್ಜಿ ಸ್ಪಷ್ಟವಾಗಿ ನುಡಿಯುತ್ತಿದ್ದರು. ಜರ್ಮನ್ ಭಾಷೆಯ 'ನಾಖ್ಟ್', 'ಟೊಖ್ಟರ್' ಪದಗಳಲ್ಲಿ ಅದು ಇಂದಿಗೂ ಕೇಳಿಸುತ್ತದೆ, ಸ್ಕಾಟ್ಲೆಂಡಿನ ಆಡುಮಾತಿನ 'ನಿಖ್ಟ್'ನಲ್ಲಿಯೂ ಉಳಿದಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ರೂಢಿಯಲ್ಲಿ ಪಳಗಿದ ಲಿಪಿಕಾರರ ಕೈಯಲ್ಲಿ ಬರವಣಿಗೆಯ ಕ್ರಮ ಬದಲಾಗುತ್ತಾ ಹೋಗಿ, ಈ ಧ್ವನಿಯನ್ನು ಸೂಚಿಸಲು ಜಿ ಮತ್ತು ಎಚ್ ಅಕ್ಷರಗಳ ಜೋಡಿ ಬಳಕೆಗೆ ಬಂತು. ಅಂದರೆ ಆ ಅಕ್ಷರಗಳನ್ನು ಬರೆದದ್ದು ಹೇಳುವುದಕ್ಕಾಗಿಯೇ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ನಂತರ ಕಾಗುಣಿತ ಮೆಲ್ಲಗೆ ಗಟ್ಟಿಯಾಗತೊಡಗಿತು, ಮಾತು ಮಾತ್ರ ತನ್ನ ಪಾಡಿಗೆ ಮುಂದೆ ಸಾಗಿತು. ಕೆಲವು ಪದಗಳಲ್ಲಿ ಆ ಧ್ವನಿ ಪೂರ್ತಿ ಅಳಿಯಿತು. ಲಾಫ್, ಕಾಫ್, ಟಫ್, ಇನಫ್ ಮುಂತಾದವುಗಳಲ್ಲಿ ಗಂಟಲಿನಿಂದ ತುಟಿಗೆ ಸರಿದು ಫಕಾರವಾಯಿತು. ಸ್ಲಾಟರ್ ಎಂದರೆ ವಧೆ. ಅದರ ಮೊದಲ ಅಕ್ಷರವನ್ನು ತೆಗೆದರೆ ಉಳಿಯುವುದು ನಗು, ಆದರೆ ಅದನ್ನು ಲಾಫ್ಟರ್ ಎಂದು ಓದಬೇಕು. ಇದು ವಿಚಿತ್ರವೆಂದು ಅವಳಿಗೆ ತೋರಿದ್ದರೆ ತಪ್ಪೇನಿದೆ?

ಪಟ್ಟಿಯಲ್ಲಿನ ಎಲ್ಲ ಪದಗಳದ್ದೂ ಇದೇ ಕಥೆಯಲ್ಲ ಎಂಬುದು ಇನ್ನೂ ಸೊಗಸಾದ ಸಂಗತಿ. ಆನಂದ ಎಂಬರ್ಥದ ಡಿಲೈಟ್ ಪದದಲ್ಲಿ ಆ ಧ್ವನಿ ಎಂದೂ ಇರಲಿಲ್ಲ. ಅದು ಹಳೆಯ ಫ್ರೆಂಚಿನಿಂದ ಬಂದ ಪದ, ಬೆಳಕು ಎಂಬರ್ಥದ ಲೈಟ್ ಪದವನ್ನು ನೋಡಿ ಬರೆಯುವವರು ಇದಕ್ಕೂ ಆ ಅಕ್ಷರಗಳನ್ನು ಸೇರಿಸಿದರು. ಬಿಕ್ಕಳಿಕೆಗೆ ಹಿಕಪ್ ಎನ್ನುತ್ತಾರೆ, ಆದರೆ ಅದನ್ನು ಕೆಮ್ಮಿಗೆ ಸಂಬಂಧಿಸಿದ್ದೆಂದು ಭಾವಿಸಿದವರಿಂದಾಗಿ ಕೆಮ್ಮಿನ ಕಾಗುಣಿತವೂ ಅದಕ್ಕೆ ಅಂಟಿಕೊಂಡಿತು. ಎರಡು ರೂಪಗಳೂ ಇಂದು ನಿಘಂಟಿನಲ್ಲಿವೆ, ಉಚ್ಚಾರ ಮಾತ್ರ ಒಂದೇ. ಅಮೆರಿಕದ ನೋಆ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ನೇಗಿಲು ಎಂಬರ್ಥದ ಪ್ಲೌ ಪದದಿಂದ ಈ ಅಕ್ಷರಗಳನ್ನು ಕಿತ್ತುಹಾಕಿದ, ಅಲ್ಲಿಯವರು ಇಂದಿಗೂ ಅವಿಲ್ಲದೆಯೇ ಅದನ್ನು ಬರೆಯುತ್ತಾರೆ. "ಇರುವುದೇ ಹಾಗೆ" ಎಂದು ಒಪ್ಪಿಕೊಂಡಿದ್ದರೆ ಅವನು ಆ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ.

ಆದರೂ ಆ ಅಕ್ಷರಗಳನ್ನೆಲ್ಲ ಕಿತ್ತುಹಾಕಬೇಕೆಂಬ ಪಕ್ಷ ನನ್ನದಲ್ಲ. ಅವು ಇರುವುದರಿಂದಲೇ ಡಾಟರ್ ಪದವನ್ನು ಸಂಸ್ಕೃತದ ದುಹಿತೃವಿನ ಪಕ್ಕದಲ್ಲಿಟ್ಟಾಗ ನಂಟು ಕಣ್ಣಿಗೆ ಬೀಳುತ್ತದೆ: ಒಂದೇ ಮೂಲಭಾಷೆಯ ಒಂದೇ ವ್ಯಂಜನ ಇಲ್ಲಿ ಹಕಾರವಾಗಿ, ಅಲ್ಲಿ ಮೂಕವಾದ ಅಕ್ಷರಗಳಾಗಿ ಉಳಿದಿದೆ. ನೈಟ್ ಮತ್ತು ನಕ್ತ, ಎಯ್ಟ್ ಮತ್ತು ಅಷ್ಟ ಪದಗಳ ಸಂಬಂಧವೂ ಇಂಥದ್ದೇ. ರಾತ್ರಿ ಸಂಚರಿಸುವವನಿಗೆ ನಕ್ತಂಚರ ಎಂಬ ಹೆಸರಿರುವುದನ್ನು ಕನ್ನಡದಲ್ಲಿ ಓದಿರುವ ಮಗುವಿಗೆ ಇದನ್ನು ಹೇಳಿದರೆ, ಆ ಪಟ್ಟಿಯ ಪದ ಅವಳಿಗೆ ಪರಕೀಯವಾಗಿ ಉಳಿಯುತ್ತಿತ್ತೇ? ಬಾಯಿಪಾಠಕ್ಕೆ ನಾನು ವಿರೋಧಿಯಲ್ಲ. ಮಗ್ಗಿಯನ್ನೂ ಪದ್ಯವನ್ನೂ ಬಾಯಿಪಾಠ ಮಾಡಲೇಬೇಕು. ಆದರೆ ಕಾರಣವಿರುವ ಸಂಗತಿಗೆ ಕಾರಣವೇ ಇಲ್ಲವೆಂದು ಹೇಳಿದಾಗ ಮಗು ಕಲಿಯುವುದು ಪದವನ್ನಲ್ಲ, ಕೇಳಿ ಪ್ರಯೋಜನವಿಲ್ಲ ಎಂಬುದನ್ನು. ಇಂಗ್ಲಿಷ್ ಎಂದರೆ ಬೆದರುವ ಎಷ್ಟೋ ಜನ ದೊಡ್ಡವರಲ್ಲಿಯೂ ನಾನು ಕಂಡಿರುವುದು ಇದನ್ನೇ: ತಮಗೆ ಅರ್ಥವಾಗದ್ದು ತಮ್ಮ ಬುದ್ಧಿಯ ಕೊರತೆ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದಾರೆ, ಆದರೆ ಅವರನ್ನು ತಡೆದು ನಿಲ್ಲಿಸಿದ್ದು ನೂರಾರು ವರ್ಷಗಳ ಉಚ್ಚಾರದ ಬದಲಾವಣೆ.

ಮರುದಿನ ಅವಳನ್ನು ಕೂರಿಸಿಕೊಂಡು ಪದಗಳನ್ನು ಬೇರೆ ಬೇರೆ ಗುಂಪುಗಳಾಗಿ ಬರೆಸಿದೆ. ಧ್ವನಿ ಅಳಿದುಹೋದವು ಒಂದೆಡೆ, ಫಕಾರವಾದವು ಒಂದೆಡೆ, ಡಿಲೈಟ್‌ನಂತೆ ನಕಲಿನಿಂದ ಬಂದವು ಇನ್ನೊಂದೆಡೆ. ದೊಹ್ಟರ್ ಎಂದು ಗಂಟಲು ಉಜ್ಜಿ ಹೇಳಿಸಿದಾಗ ಅವಳು ಅದನ್ನು ಮತ್ತೆ ಮತ್ತೆ ಹೇಳಿ ನೋಡಿದಳು. ಮುಂದಿನ ಪಟ್ಟಿ ಕೆ ಮತ್ತು ಎನ್ ಅಕ್ಷರಗಳಿಂದ ಆರಂಭವಾಗುವ ಪದಗಳದ್ದಂತೆ: ಮೊಣಕಾಲು, ಚಾಕು, ಗಂಟು, ಅರಿಯುವುದು. ಆ ಕೆ ಅಕ್ಷರವನ್ನೂ ಒಂದು ಕಾಲದಲ್ಲಿ ಸ್ಪಷ್ಟವಾಗಿ ನುಡಿಯುತ್ತಿದ್ದರೆಂಬುದನ್ನು, ಮೊಣಕಾಲಿನ 'ನೀ' ನಮ್ಮ ಜಾನುವಿಗೂ, ಅರಿವಿನ 'ನೋ' ನಮ್ಮ ಜ್ಞಾನಕ್ಕೂ ನಂಟೆಂಬುದನ್ನು ಮೇಷ್ಟರಿಗೆ ಮೊದಲೇ ಹೇಳಬೇಕೆಂದಿದ್ದೇನೆ, ಏಕೆಂದರೆ ಅವಳು ಮೊದಲು ಕೇಳುವುದು ಅವರನ್ನೇ.