ಹಳೇ ಬೆಂಜ್ ಗಟ್ಟಿನಾ, ಹೊಸದು ಗಟ್ಟಿನಾ?

ನಾನು ಗ್ಯಾರೇಜ್ ಇಟ್ಟುಕೊಂಡಿದ್ದೀನಿ ಅಂತ ಗೊತ್ತಾದ ಕೂಡಲೇ, ಮದುವೆ ಮನೆಯಾದರೂ ಸರಿ, ಅಪಾರ್ಟ್‌ಮೆಂಟ್ ಲಿಫ್ಟಾದರೂ ಸರಿ, ಬರುವ ಪ್ರಶ್ನೆ ಒಂದೇ. "ಸಾರ್, ಹಳೇ ಬೆಂಜ್ ಎಲ್ಲಾ ಗಟ್ಟಿ ಮಾಲಂತೆ. ಈಗಿನವು ಬರೀ ಕಂಪ್ಯೂಟರ್, ವಾರಂಟಿ ಮುಗಿದ ಮರುದಿನ ಕೈಕೊಡುತ್ತವಂತೆ. ನಿಜಾನಾ?"

ಅರ್ಧ ನಿಜ. ಹಳೇವು ಕೆಡುತ್ತಲೇ ಇರಲಿಲ್ಲ ಅನ್ನೋದು ಸುಳ್ಳು. ಕೆಟ್ಟರೆ ರಿಪೇರಿ ಆಗುತ್ತಿದ್ದವು ಅನ್ನೋದು ನಿಜ. ನನ್ನನ್ನು ಕೇಳಿದರೆ ನಿಜವಾಗಿ ಭಯಪಡಬೇಕಾದ್ದು ಈ ಎರಡರ ನಡುವೆ ಬಂದ ಕಾರುಗಳಿಗೆ, ಅಂದರೆ ಸುಮಾರು 2000ದಿಂದ 2010ರವರೆಗಿನವಕ್ಕೆ. ಯಾಕೆ ಅಂತ ಹೇಳ್ತೀನಿ.

ಹಳೇ ಬೆಂಜ್ ಭಕ್ತರು ಯಾವಾಗಲೂ ಎತ್ತುವ ಉದಾಹರಣೆ ಗ್ರೀಸ್ ದೇಶದ ಒಂದು ಟ್ಯಾಕ್ಸಿಯದು. 1976ರ ಬೆಂಜ್ 240ಡಿ, ಡೀಸೆಲ್ ಕಾರು. ಓಡಿದ್ದು 46 ಲಕ್ಷ ಕಿಲೋಮೀಟರ್. ಈಗ ಕಂಪನಿಯವರೇ ತೆಗೆದುಕೊಂಡು ಮ್ಯೂಸಿಯಂಗೆ ಸೇರಿಸಿದ್ದಾರೆ. ಆದರೆ ಅದರ ಡ್ರೈವರ್ ಮೂರು ಎಂಜಿನ್ ಇಟ್ಟುಕೊಂಡು, ಒಂದನ್ನು ಬಿಚ್ಚಿ ರಿಪೇರಿ ಮಾಡುವಾಗ ಇನ್ನೊಂದನ್ನು ಕೂರಿಸಿ ಓಡಿಸುತ್ತಿದ್ದ ಅನ್ನೋದನ್ನು ಯಾರೂ ಹೇಳಲ್ಲ. ಆ ಕಾರಿನ ದೊಡ್ಡತನ ಇರುವುದೇ ಅಲ್ಲಿ. ಎಂಜಿನ್ ಇಳಿಸಿ ಹತ್ತಿಸೋದು ಒಬ್ಬ ಟ್ಯಾಕ್ಸಿಯವನ ಕೈಲಾಗುವ ಕೆಲಸವಾಗಿತ್ತು.

ನಮ್ಮಲ್ಲಿ ಹಳೇ ಬೆಂಜ್ ಅಂದರೆ ಹೆಚ್ಚಿನವರ ತಲೆಯಲ್ಲಿರುವುದು ಡಬ್ಲ್ಯೂ124, ಅಂದರೆ ಇ-ಕ್ಲಾಸಿನ ಹಳೇ ಮಾದರಿ. ಜರ್ಮನಿಯಲ್ಲಿ 1984ರಲ್ಲಿ ಬಂತು. 1995ರಲ್ಲಿ ಪುಣೆಯಲ್ಲಿ ಜೋಡಿಸಲು ಶುರು ಮಾಡಿದರು. ಅದರ ಒಂಟಿ ವೈಪರ್ ನೋಡಿದ್ದೀರಾ? ತಿರುಗುತ್ತಾ ತಿರುಗುತ್ತಾ ಮೂಲೆಗೆ ಬಂದಾಗ ಉದ್ದ ಚಾಚಿಕೊಳ್ಳುತ್ತೆ, ನಡುವೆ ಒಳಗೆ ಎಳೆದುಕೊಳ್ಳುತ್ತೆ. ಆ ಒಂದೇ ಕೈಯಲ್ಲಿ ಗಾಜಿನ ಶೇ 86 ಭಾಗ ಒರೆಸುತ್ತೆ. ಆಗಾಗ ಬಿಚ್ಚಿ ಗ್ರೀಸ್ ಹಾಕಿದರೆ ಮೂವತ್ತು ವರ್ಷ ಆದರೂ ಓಡುತ್ತೆ. ಹಾಕದಿದ್ದರೆ ಮಳೆಗಾಲದಲ್ಲಿ ನಡುದಾರಿಯಲ್ಲೇ ನಿಲ್ಲುತ್ತೆ.

ಆದರೆ ಇದೇ ಕಾರಿನ ಕೊನೆಯ ವರ್ಷಗಳ ಪೆಟ್ರೋಲ್ ಮಾದರಿಗಳಲ್ಲಿ ಒಂದು ಹುಳುಕಿದೆ. 1992ರಿಂದ 1995ರ ಸುಮಾರಿನ ಬೆಂಜ್‌ಗಳ ಎಂಜಿನ್ ವೈರಿಂಗಿಗೆ ಬಳಸಿದ ಹೊದಿಕೆ ಬಿಸಿಗೆ ತಡೆಯುವುದಿಲ್ಲ. ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಕನೆಕ್ಟರಿನ ರಬ್ಬರ್ ಮೆಲ್ಲಗೆ ಹಿಂದಕ್ಕೆ ಸರಿಸಿ ನೋಡಿ. ವೈರನ್ನು ಸ್ವಲ್ಪ ಬಗ್ಗಿಸಿದರೆ ಸಾಕು, ಹೊದಿಕೆ ಸುಟ್ಟ ಹಪ್ಪಳದ ಥರ ಪುಡಿಯಾಗಿ ಉದುರುತ್ತೆ, ಒಳಗಿನ ತಾಮ್ರ ಬರಿದಾಗಿ ಕಾಣುತ್ತೆ. ಎರಡು ತಾಮ್ರ ಒಂದಕ್ಕೊಂದು ತಗುಲಿದರೆ ಮಿಸ್ಸಿಂಗ್ ಶುರು. ಹಣೆಬರಹ ಕೆಟ್ಟಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುವೂ ಸುಡುತ್ತೆ. ಗಟ್ಟಿ ಮಾಲು ಅಂತ ಕೊಂಡಾಡುವ ಕಾಲದ್ದೇ ಕಾರು ಇದು, ಅಲ್ವಾ? ವೈರಿಂಗ್ ಬದಲಾಯಿಸಿದ್ದರೆ ಮಾತ್ರ ಅಂಥ ಪೆಟ್ರೋಲ್ ಕಾರು ತಗೊಳ್ಳಿ. ಐದು ಸಿಲಿಂಡರಿನ ಡೀಸೆಲ್ ಸಿಕ್ಕರೆ ಇನ್ನೂ ಒಳ್ಳೇದು.

ಇನ್ನೊಂದು ಮಾತು. ರಸ್ತೆಯಲ್ಲಿ ಇನ್ನೂ ಓಡುತ್ತಿರುವ ಹಳೇ ಕಾರುಗಳನ್ನು ನೋಡಿ "ಆಗಿನ ಕಾಲದ್ದೇ ಕಾಲ" ಅಂತೀವಿ. ಹಾಳಾದವು ಎಂದೋ ಗುಜರಿ ಸೇರಿವೆ. ಅವನ್ನು ಲೆಕ್ಕಕ್ಕೆ ಹಿಡಿಯೋರಿಲ್ಲ.

ಈಗ ನಡುವಿನ ಕಾಲಕ್ಕೆ ಬರೋಣ. 2000ದ ಆಚೆಈಚೆ ಜರ್ಮನ್ ಕಂಪನಿಗಳಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿಯಿತು. ಸೀಟು, ಸಸ್ಪೆನ್ಷನ್, ಕೊನೆಗೆ ಬ್ರೇಕಿನವರೆಗೂ ಎಲ್ಲಕ್ಕೂ ಒಂದೊಂದು ಕಂಪ್ಯೂಟರ್. 2002ರ ಇ-ಕ್ಲಾಸಿಗೆ ಬೆಂಜ್‌ನವರು ಎಸ್‌ಬಿಸಿ ಅನ್ನೋ ಬ್ರೇಕ್ ತಂದರು. ನೀವು ಪೆಡಲ್ ಒತ್ತಿದರೆ ಕಂಪ್ಯೂಟರಿಗೆ ಸುದ್ದಿ ಹೋಗುತ್ತೆ, ಪಂಪ್ ಬ್ರೇಕ್ ಹಿಡಿಯುತ್ತೆ. ತಮಾಷೆ ಅಂದರೆ ಎಷ್ಟು ಸಲ ಬ್ರೇಕ್ ಒತ್ತಿದಿರಿ ಅಂತ ಆ ಘಟಕ ಲೆಕ್ಕ ಇಡುತ್ತೆ. ಲೆಕ್ಕ ತುಂಬಿದರೆ ಬದಲಾಯಿಸು ಅಂತ ಕೆಂಪಕ್ಷರದಲ್ಲಿ ಹೇಳುತ್ತೆ. ಬೆಂಗಳೂರಿನಂಥ ಊರಲ್ಲಿ ಆ ಲೆಕ್ಕ ಎಷ್ಟು ಬೇಗ ಓಡುತ್ತೆ ಅಂತ ನೀವೇ ಯೋಚಿಸಿ. 2004ರಲ್ಲಿ ಕಂಪನಿ ಈ ಬ್ರೇಕಿನ ತೊಂದರೆಗಾಗಿ 6 ಲಕ್ಷದ 80 ಸಾವಿರ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. 2006ರ ಇ-ಕ್ಲಾಸಿನಲ್ಲಿ ಆ ಬ್ರೇಕನ್ನೇ ತೆಗೆದುಬಿಟ್ಟರು.

ಬಿಎಂಡಬ್ಲ್ಯೂ ಕಡೆಯಲ್ಲಿ 2007ರಲ್ಲಿ ಬಂದ ಎರಡು ಲೀಟರಿನ ಎನ್47 ಡೀಸೆಲ್ ಎಂಜಿನ್ ಇದೆ. ಓಡಿಸಲು ಸೊಗಸು, ಮೈಲೇಜೂ ಚೆನ್ನಾಗಿದೆ. ಆದರೆ ಅದರ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಇರುವುದು ಎಂಜಿನ್ ಹಿಂದುಗಡೆ, ಗೇರ್‌ಬಾಕ್ಸ್ ಮಗ್ಗುಲಲ್ಲಿ. ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಈ ಚೈನ್ ಸವೆಯುವ ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದು. ಬದಲಾಯಿಸಬೇಕಾದರೆ ಗೇರ್‌ಬಾಕ್ಸ್ ಅಥವಾ ಎಂಜಿನ್ನೇ ಇಳಿಸಬೇಕು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಹಿಂದುಗಡೆಯಿಂದ ಚರಚರ ಅಂತ ಸದ್ದು ಬಂದರೆ ಆ ಕಾರಿನ ಆಸೆ ಬಿಡಿ.

ಹೋದ ವರ್ಷ ಒಬ್ಬ ಹುಡುಗ ಇದೇ ಕಾಲದ ಸೆಕೆಂಡ್ ಹ್ಯಾಂಡ್ ಸೆಡಾನ್ ತಂದಿದ್ದ. ಕಂಪನಿ ಹೆಸರು ಬೇಡ. ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗ್ ಇರುವ ಏರ್ ಸಸ್ಪೆನ್ಷನ್ ಇತ್ತು, ರಾತ್ರಿ ಕಳೆಯೋದರೊಳಗೆ ಒಂದು ಮೂಲೆ ನೆಲಕ್ಕೆ ಕೂತಿತ್ತು. "ಅಣ್ಣ, ಸುಮ್ನೆ ಗಾಳಿ ತುಂಬಿಸಿದ್ರೆ ಆಗಲ್ವಾ?" ಅಂದ. ಆಗಲ್ಲ. ರಬ್ಬರ್ ಬ್ಯಾಗ್ ಬಿರುಕು ಬಿಟ್ಟು ಗಾಳಿ ಸೋರುತ್ತೆ. ಅದನ್ನು ತುಂಬಿಸೋಕೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತೆ. ಕೊನೆಗೆ ಅದೂ ಸುಡುತ್ತೆ. ಒಂದು ಬಿಲ್ಲಿನಲ್ಲಿ ಮುಗಿಯಬೇಕಾದ್ದು ಎರಡಾಗುತ್ತೆ. ಅವನು ಕಾರು ತಗೊಂಡಿದ್ದು ಸ್ವಿಫ್ಟ್ ದುಡ್ಡಿಗೆ. ಕಾರಿನ ಬೆಲೆ ಇಳಿಯುತ್ತೆ, ಸ್ಪೇರ್ ಪಾರ್ಟ್ ಬೆಲೆ ಇಳಿಯಲ್ಲ. ಅರ್ಧ ಕೋಟಿಯ ಕಾರಿನ ಪಾರ್ಟಿಗೆ ಅರ್ಧ ಕೋಟಿಯ ಕಾರಿನ ರೇಟೇ. ಮಾರುವವರು ಈ ಮಾತು ಎತ್ತೋದೇ ಇಲ್ಲ.

ಹಾಗಾದರೆ ಈಚಿನ ಕಾರುಗಳು? ಮೊದಲ ಹತ್ತು ವರ್ಷಕ್ಕೆ ಕಣ್ಣು ಮುಚ್ಚಿ ಹೇಳ್ತೀನಿ, ಹಳೇದಕ್ಕಿಂತ ಇವೇ ಮೇಲು. ಕಾರಿನ ಮೈಗೆ ಅಷ್ಟು ಸುಲಭಕ್ಕೆ ತುಕ್ಕು ಹಿಡಿಯಲ್ಲ. ಎಂಟು ಗೇರಿನ ಆಟೋಮ್ಯಾಟಿಕ್ ಒಳ್ಳೆಯ ಬಾಳಿಕೆ ಬರುತ್ತೆ. "ಇದರ ಆಯಿಲ್ ಬದಲಾಯಿಸೋದೇ ಬೇಡ" ಅನ್ನೋ ಮಾತನ್ನು ಮಾತ್ರ ನಂಬಬೇಡಿ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರಿನ ಒಳಗೆ ಬದಲಾಯಿಸಿ ಅನ್ನುತ್ತೆ.

ಎಲೆಕ್ಟ್ರಾನಿಕ್ಸ್ ಇದ್ದರೆ ಕೆಡುತ್ತೆ ಅನ್ನೋದಕ್ಕೆ ಒಳ್ಳೆಯ ಉತ್ತರ ನಮ್ಮ ಬಿಡದಿಯಲ್ಲೇ ಇದೆ. ಟೊಯೊಟಾದವರ ಲೆಕ್ಸಸ್ ಇಎಸ್ 300ಎಚ್ 2020ರಲ್ಲಿ ಅಲ್ಲಿ ತಯಾರಾಗಲು ಶುರುವಾಯಿತು, ಕ್ಯಾಮ್ರಿ ಹೈಬ್ರಿಡ್ ಅದಕ್ಕೂ ಮೊದಲೇ. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಕರೆಂಟ್ ಮೋಟರ್ ಎಲ್ಲಾ ಇವೆ ಅಂತ ಕೇಳಿದರೆ ಭಾರಿ ಗೋಜಲಿನ ಕಾರು ಅನಿಸುತ್ತೆ. ಬಾನೆಟ್ ತೆಗೆದು ನೋಡಿ. ಸ್ಟಾರ್ಟರ್ ಮೋಟರ್ ಇಲ್ಲ. ಆಲ್ಟರ್ನೇಟರ್ ಇಲ್ಲ. ಹರಿದುಹೋಗುವ ಫ್ಯಾನ್ ಬೆಲ್ಟೂ ಇಲ್ಲ. ಗೇರ್‌ಬಾಕ್ಸಿನಲ್ಲಿ ಸವೆಯೋಕೆ ಕ್ಲಚ್ಚೇ ಇಲ್ಲ. ಕೆಡುವ ಸಾಮಾನುಗಳನ್ನೇ ಕಿತ್ತುಹಾಕಿದ್ದಾರೆ. ಹೈಬ್ರಿಡ್ ಬ್ಯಾಟರಿ ಒಂದು ದಿನ ಸೋಲುತ್ತೆ, ನಿಜ, ಅದಕ್ಕೆ ದುಡ್ಡು ಎತ್ತಿಡಿ. ಓಡಿಸೋದು ಸ್ವಲ್ಪ ಸಪ್ಪೆ ಅನ್ನೋದು ಬೇರೆ ಮಾತು.

ಈಚಿನ ಕಾರುಗಳ ಬಗ್ಗೆ ನನಗಿರುವ ಹೆದರಿಕೆ ಹದಿನೈದನೇ ವರ್ಷದ್ದು. ಡಬ್ಲ್ಯೂ124ರ ಸಸ್ಪೆನ್ಷನ್ನಿಗೆ ರಬ್ಬರ್ ಬುಷ್ ಹಾಕೋಕೆ ಸ್ಪ್ಯಾನರ್ ಸಾಕಿತ್ತು. ಈಗ ಎಷ್ಟೋ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳನ್ನು ಹಾಕಿದ ಮೇಲೆ ಕಂಪನಿಯ ಸರ್ವರ್ ಜೊತೆ ಕೋಡಿಂಗ್ ಮಾಡಬೇಕು, ಇಲ್ಲದಿದ್ದರೆ ಕಾರು ಅದನ್ನು ಒಪ್ಪಲ್ಲ. ಕೆಲವದರಲ್ಲಿ ಬ್ಯಾಟರಿ ಬದಲಾಯಿಸಿದರೂ ಕಾರಿಗೆ ತಿಳಿಸಬೇಕು. ಒಳಗೆ ಒಂದು ಎಲ್‌ಇಡಿ ಕೆಟ್ಟರೆ ಹೆಡ್‌ಲೈಟ್ ಪೂರ್ತಿ ಬದಲು, ಲಕ್ಷದ ಮಾತು. ಎಂಜಿನ್ ಚೆನ್ನಾಗಿದ್ದೂ ಇಂಥ ಎರಡು ಬಿಲ್ ನೋಡಿ ಓನರ್ ಕೈಬಿಡುತ್ತಾರೆ. ಹೊಸ ಹೊಗೆ ನಿಯಮದ ಬಿಎಸ್6 ಡೀಸೆಲ್ ತಗೊಂಡು ದಿನಾ ಜಯನಗರದಿಂದ ಬಸವನಗುಡಿಗೆ ಮಾತ್ರ ಓಡಿಸುವವರಿಗೆ ಇನ್ನೊಂದು ಕಷ್ಟ ಇದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಹೈವೇ ಓಟ ಬೇಕು. ನಿಮ್ಮ ಓಡಾಟ ಊರೊಳಗೆ ಮಾತ್ರ ಅಂದರೆ ಪೆಟ್ರೋಲ್ ಅಥವಾ ಹೈಬ್ರಿಡ್ ತಗೊಳ್ಳಿ.

ಕೊನೆಗೆ ಯಾವುದು ತಗೊಳ್ಳಲಿ ಅಂತೀರಾ? ದಿನಾ ಓಡಿಸೋಕೆ ಐದಾರು ವರ್ಷದ, ಸರ್ವಿಸ್ ದಾಖಲೆ ಪೂರ್ತಿ ಇರುವ ಕಾರು. ಭಾನುವಾರದ ಖುಷಿಗೆ ಡಬ್ಲ್ಯೂ124, ಆದರೆ ಆರ್‌ಸಿ ನವೀಕರಣ, ಎಫ್‌ಸಿ ಎಲ್ಲಾ ಸರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಡುವಿನ ಕಾಲದ್ದು ಅಗ್ಗಕ್ಕೆ ಸಿಕ್ಕರೆ, ಕೊಟ್ಟಷ್ಟೇ ದುಡ್ಡು ಇನ್ನೊಂದು ಸಲ ಕೈಯಲ್ಲಿದ್ದರೆ ಮಾತ್ರ ಮುಂದುವರಿಯಿರಿ.

ಬೆಂಗಳೂರಿನ ಕಾರಾದರೆ ಇನ್ನೊಂದು ಕೆಲಸ ಮಾಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ದುಬಾರಿ ಕಾರುಗಳು ನೀರಲ್ಲಿ ಮುಳುಗಿದ್ದನ್ನು ಎಲ್ಲರೂ ನೋಡಿದ್ದೀವಿ. ಇಂಥ ಕಾರುಗಳ ಎಷ್ಟೋ ಮಾಡ್ಯೂಲ್‌ಗಳು ಇರುವುದು ಸೀಟಿನ ಕೆಳಗೆ, ಕಾರ್ಪೆಟ್ ಅಡಿಯಲ್ಲಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಅಲ್ಲಿ ಕೆಸರಿನ ಗೆರೆ ಕಂಡರೆ ಚೌಕಾಸಿಗೆ ಇಳಿಯಬೇಡಿ, ಕೀ ವಾಪಸ್ ಕೊಟ್ಟು ಬನ್ನಿ.