ಸೇಲ್ಸ್ ಆಫೀಸರ್ ಎದುರಾಳಿ ಕಂಪನಿಗೆ ಹೋದಾಗ ಕೈಗೆ ಬರುವುದೇನು, ಬರದಿರುವುದೇನು

ರಾಯಚೂರು, ಸಿಂಧನೂರು ಕಡೆಯ ಬೀಜ-ಔಷಧಿ ವ್ಯವಹಾರದಲ್ಲಿ ಮುಂಗಾರಿನ ಮುಂಚೆ ಸೇಲ್ಸ್ ಆಫೀಸರ್ ಬಿಟ್ಟುಹೋದರೆ ಮಾಲೀಕರಿಗೆ ಮೊದಲು ನೆನಪಾಗುವುದು ಬಾಂಡ್: ‘ಎರಡು ವರ್ಷ ಬೇರೆ ಕಂಪನಿ ಸೇರಂಗಿಲ್ಲ ಅಂತ ಸಹಿ ಮಾಡಿಸೀವಲ್ರೀ, ನೋಟಿಸ್ ಕೊಡ್ರಿ.’

ಕೊಡಬಹುದು, ಆದರೆ ವಕೀಲರ ಫೀ ದಂಡ. ಭಾರತೀಯ ಕರಾರು ಅಧಿನಿಯಮ, 1872ರ 27ನೇ ಕಲಂ ಪ್ರಕಾರ ಉದ್ಯೋಗಕ್ಕೆ ಅಡ್ಡಿಯಾಗುವ ಷರತ್ತು ಶೂನ್ಯ. ಅವಧಿಯನ್ನು ಆರು ತಿಂಗಳಿಗೆ ಇಳಿಸಿ, ಒಂದೇ ಜಿಲ್ಲೆಗೆ ಕಟ್ಟಿಹಾಕಿದರೂ ನೌಕರಿ ಮುಗಿದ ಮೇಲೆ ಅದು ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಗುಡ್‌ವಿಲ್ (ಹೆಸರು, ಗಿರಾಕಿ ಬಳಗ) ಸಮೇತ ಅಂಗಡಿ ಮಾರಿದವರಿಗೆ ಮಾತ್ರ ಬೇರೆ ಲೆಕ್ಕ, ಅವರನ್ನು ತಡೆಯಬಹುದು.

ನೌಕರಿ ಇರುವಷ್ಟು ದಿನ ತಡೆ ನಡೆಯುತ್ತದೆ. ಸುಪ್ರೀಂ ಕೋರ್ಟಿನ 1967ರ ಗೋಲಿಕರಿ ತೀರ್ಪು ಇದಕ್ಕೆ ಆಧಾರ. ಹಾಗಾಗಿ ಜೋರು ಇರಬೇಕಾದದ್ದು ರಾಜೀನಾಮೆ ಕೊಟ್ಟ ಮೇಲಿನ ನೋಟಿಸ್ ಅವಧಿಯಲ್ಲಿ. ಡೀಲರ್‌ಗಳನ್ನು ಕೈಯಲ್ಲಿಟ್ಟುಕೊಂಡ ಹುದ್ದೆಗೆ 90 ದಿನ ಬರೆಸಿ, ಅಂಗಡಿಗಳ ಲೆಕ್ಕ ಒಪ್ಪಿಸಿದ ಮೇಲೆ ಪೂರ್ತಿ ಸಂಬಳ ಕೊಟ್ಟು ಫೀಲ್ಡ್‌ನಿಂದ ಹೊರಗಿಡಿ. ಬಿತ್ತನೆ ಹಂಗಾಮು ಅಷ್ಟರಲ್ಲಿ ಬಹುಪಾಲು ದಾಟಿರುತ್ತದೆ. ಸಂಬಳ ಕೊಡದೆ ಕೂರಿಸಿದರೆ ಮಾತ್ರ ನಿಮ್ಮದೇ ತಪ್ಪಾಗುತ್ತದೆ.

ಕನಿಷ್ಠ ಸೇವೆಯ ಬಾಂಡ್ ಇದಕ್ಕಿಂತ ಬೇರೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕ್ ಆಗಿತ್ತು, ನೇಮಕಾತಿಯ ಖರ್ಚೂ ದೊಡ್ಡದು. ಖಾಸಗಿಯವರು ತರಬೇತಿಗೆ ಖರ್ಚಾದ ಬಿಲ್ಲು ತೋರಿಸಲಾಗದಿದ್ದರೆ ಅದೇ ಕರಾರು ಅಧಿನಿಯಮದ 74ನೇ ಕಲಂ ಅಡಿ ಬರೆದಷ್ಟು ಮೊತ್ತ ಸಿಗುವುದು ಕಷ್ಟ.

ನಿಜವಾದ ಕೆಲಸ ರಾಜೀನಾಮೆ ಬಂದ ದಿನದ್ದು. ಸಿಮ್ ಕಂಪನಿ ಹೆಸರಲ್ಲಿದೆಯೇ ನೋಡಿ. ಹಲವು ಕಡೆ ಸ್ವಂತ ನಂಬರ್‌ನಲ್ಲೇ ವ್ಯವಹಾರ ನಡೆದಿರುತ್ತದೆ. ಆಗ ಡೀಲರ್‌ಗಳ ಫೋನೂ ವಾಟ್ಸ್‌ಆ್ಯಪ್ ಗ್ರೂಪೂ ಅವನ ಜೊತೆಗೇ ಹೋದಂತೆ. ನಂಬರ್ ಕಿತ್ತುಕೊಳ್ಳುವ ಹಕ್ಕು ನಿಮಗಿಲ್ಲ. ಆಮೇಲೆ ಬದಲಿ ಆಫೀಸರ್ ಜೊತೆ ಅವನನ್ನು ಒಂದೊಂದೇ ಅಂಗಡಿಗೆ ಕಳಿಸಿ, ಉದ್ರಿ ಬಾಕಿ ಎಷ್ಟು, ಬಾಯಿಮಾತಲ್ಲಿ ಒಪ್ಪಿದ ಸ್ಕೀಮ್ (ರಿಯಾಯಿತಿ) ಯಾವುದು, ಬರಬೇಕಾದ ಕ್ರೆಡಿಟ್ ನೋಟ್ (ಡೀಲರ್ ಲೆಕ್ಕಕ್ಕೆ ಕಂಪನಿ ಜಮಾ ಮಾಡುವ ಚೀಟಿ), ವಾಪಸ್ ಬರುವ ಮಾಲು, ಎಲ್ಲವನ್ನೂ ಡೀಲರ್ ಸೀಲು-ಸಹಿಯೊಂದಿಗೆ ಬರೆಸಿಕೊಳ್ಳಿ. ಇದು ತಪ್ಪಿದರೆ ಎರಡು ತಿಂಗಳಿಗೆ ‘ನಿಮ್ಮ ಹುಡುಗ ಚೀಲಕ್ಕೆ ಇಷ್ಟು ಬಿಡ್ತೀನಿ ಅಂದಿದ್ದ’ ಎಂಬ ಜಗಳ ಖಾತ್ರಿ. ಎದುರಾಳಿಗೆ ಹೋದ ವ್ಯಾಪಾರಕ್ಕಿಂತ ಈ ಬಾಕಿಯಲ್ಲೇ ಹೆಚ್ಚು ಹಣ ಮುಳುಗುವುದುಂಟು.

ಗೌಪ್ಯತೆಯ ಷರತ್ತು ನೌಕರಿ ಬಿಟ್ಟ ಮೇಲೂ ನಡೆಯುತ್ತದೆ, ಆದರೆ ‘ಎಲ್ಲ ಮಾಹಿತಿ’ ಎಂದು ಬರೆದರೆ ಸಾಲದು. ಡೀಲರ್‌ವಾರು ದರ, ಸ್ಕೀಮ್ ಸ್ಲ್ಯಾಬ್ (ಎಷ್ಟು ಮಾಲಿಗೆ ಎಷ್ಟು ರಿಯಾಯಿತಿ), ಬಾಕಿ ಪಟ್ಟಿ ಎಂದು ಹೆಸರಿಸಿ. ಫೈಲ್ ಯಾರು ತೆರೆದರು, ಯಾರು ಮೇಲ್ ಮಾಡಿಕೊಂಡರು ಎಂಬ ದಾಖಲೆ ಇರಲಿ. ಸಿಂಧನೂರಿನ ಅಂಗಡಿ ಎಲ್ಲಿದೆ ಎಂಬುದು ಗುಟ್ಟಲ್ಲ, ಅವನ ತಲೆಯಲ್ಲಿರುವ ಪರಿಚಯಕ್ಕೆ ಬೀಗವೂ ಇಲ್ಲ.

ಹೊಸ ಕಂಪನಿಗೆ ಪತ್ರ ಬರೆಯುವುದಿದ್ದರೆ ಗೌಪ್ಯತೆಯ ಬಾಧ್ಯತೆ ತಿಳಿಸಿ ನಿಲ್ಲಿಸಿ. ಸಾಕ್ಷಿ ಇಲ್ಲದೆ ‘ಕಳ್ಳ’ ಎಂದರೆ ಮಾನನಷ್ಟದ ಕೇಸು ನಿಮ್ಮ ಮೇಲೆ. ಮೂಲ ಮಾರ್ಕ್ಸ್ ಕಾರ್ಡ್, ಖಾಲಿ ಚೆಕ್ ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.