ಚಳಿ ಬೇಡುವ ಬೆಳ್ಳುಳ್ಳಿ

ಕೆನಡಾದ ಒಂಟಾರಿಯೊದಲ್ಲಿ ಹಿತ್ತಲಿರುವ ಕನ್ನಡಿಗರು ಬೇಸಿಗೆಯಲ್ಲಿ ಏನೇನು ಬೆಳೆಯಲು ಒದ್ದಾಡುತ್ತಾರೆ ಅಂತ ನೋಡದೆಯೇ ಹೇಳಬಹುದು. ಬದನೆ, ಮೆಣಸಿನಕಾಯಿ, ಹೀರೇಕಾಯಿ. ಕರಿಬೇವಿನ ಕುಂಡವನ್ನಂತೂ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಒಳಗೆ ತಂದು, ಕಿಟಕಿ ಪಕ್ಕ ಕೂರಿಸಿ, ಕೂಸಿನ ಹಾಗೆ ಸಾಕುತ್ತೇವೆ. ಇದೆಲ್ಲ ಚಳಿಯ ಜೊತೆ ಜಗಳ. ಬೆಳ್ಳುಳ್ಳಿಗೆ ಈ ಜಗಳವೇ ಇಲ್ಲ. ಅದಕ್ಕೆ ಚಳಿ ಬೇಕೇ ಬೇಕು.

ಇಲ್ಲಿ ನೆಡುವುದು ಅಕ್ಟೋಬರ್‌ನಲ್ಲಿ. ಎಲ್ಲರ ತೋಟ ಖಾಲಿಯಾಗಿ, ನೀರಿನ ಪೈಪು ಸುತ್ತಿ ಒಳಗಿಟ್ಟ ಮೇಲೆ ನಮ್ಮ ಕೆಲಸ ಶುರು. ಗಡ್ಡೆ ಬಿಡಿಸಿ, ಎಸಳಿನ ಸಿಪ್ಪೆ ತೆಗೆಯದೆ, ಚೂಪು ತುದಿ ಮೇಲಾಗಿ ಊರಬೇಕು. ಎಸಳಿಂದ ಎಸಳಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಅಂದರೆ 15 ಸೆಂಟಿಮೀಟರ್ ಜಾಗ. ಮೇಲೆ ಒಣಹುಲ್ಲಿನ ದಪ್ಪ ಹೊದಿಕೆ. ಹುಲ್ಲು ಹಾಕುವುದು ಬೆಚ್ಚಗಿಡಲು ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಾಗಿ ಅದು ಬೇಕಾಗುವುದು ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಎಸಳು ಮೇಲಕ್ಕೆದ್ದು ಬರದಿರಲಿ ಅಂತ.

ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಗದಗಿನಿಂದ ಅವ್ವ ಕೇಳಿದ್ದು: "ಅಲ್ಲೋ, ಬರ್ಫ ಬೀಳೋ ಹೊತ್ತಿನ್ಯಾಗ ಬಳ್ಳೊಳ್ಳಿ ಹಾಕ್ತಿಯೇನು? ಕೊಳತು ಹೋಗ್ತೈತಿ." ಕೊಯ್ಲು ಜುಲೈಗೆ ಅಂದೆ. "ಒಂಬತ್ತು ತಿಂಗಳು ತುಂಬಿಸ್ತೈತಿ ಅನ್ನು ಹಂಗಾರ" ಅಂತ ನಕ್ಕಳು. ಊರಲ್ಲಿ ನಾಲ್ಕೈದು ತಿಂಗಳಿಗೆ ಕೈಗೆ ಬರುವ ಬೆಳೆ, ಅಲ್ವಾ.

ಕೊಳೆಯುವುದಿಲ್ಲ. ಮಣ್ಣೊಳಗೆ ಎಸಳು ಮೊದಲು ಬೇರು ಬಿಡುತ್ತದೆ, ಆಮೇಲೆ ಹಿಮದಡಿ ಸುಮ್ನೆ ಇರುತ್ತದೆ. ಆ ವಾರಗಟ್ಟಲೆಯ ತಂಪು ಸಿಕ್ಕರೆ ಮಾತ್ರ ಗಡ್ಡೆ ಎಸಳುಗಳಾಗಿ ಒಡೆಯುತ್ತದೆ. ಅದೇ ಎಸಳನ್ನು ತಡಮಾಡಿ ಮೇ ತಿಂಗಳಲ್ಲಿ ನೆಟ್ಟರೆ ಎಸಳೇ ಇಲ್ಲದ ಒಂಟಿ ಗಡ್ಡೆ ಬರುವುದೇ ಜಾಸ್ತಿ. ಇನ್ನೊಂದು ವಿಷಯ ಹಗಲಿನದು. ಜೂನ್‌ನಲ್ಲಿ ಇಲ್ಲಿ 15 ಗಂಟೆಗೂ ಹೆಚ್ಚು ಹೊತ್ತು ಬೆಳಕಿರುತ್ತದೆ. ಗದಗಿನಲ್ಲಿ ಹಗಲು ಎಷ್ಟೇ ಉದ್ದವಾದರೂ 13 ಗಂಟೆ ಆಸುಪಾಸು. ನಮ್ಮ ಬಯಲುಸೀಮೆಯ ತಳಿಗಳು ಆ ಗಿಡ್ಡ ಹಗಲಿಗೆ ಒಗ್ಗಿದವು. ಇಲ್ಲಿ ಊರಿದರೆ ಗಿಡ ದೊಡ್ಡದಾಗುವ ಮುಂಚೆಯೇ ಗಡ್ಡೆ ಕಟ್ಟಲು ಹೊರಟು ಗೋಲಿಯಷ್ಟಕ್ಕೇ ನಿಲ್ಲುತ್ತವೆ. ಹಾಗಾಗಿ ಬೀಜಕ್ಕೆ ಅಂತ ಊರಿಂದ ಕಳಿಸುವ ಉಸಾಬರಿ ಬೇಡ.

ನಾನು ಹಾಕುವುದು 'ಮ್ಯೂಸಿಕ್' ತಳಿ. ಹೆಸರಿಗೂ ಸಂಗೀತಕ್ಕೂ ಸಂಬಂಧವಿಲ್ಲ. ಅಲ್ ಮ್ಯೂಸಿಕ್ ಎಂಬ ಒಂಟಾರಿಯೊದ ರೈತ 1980ರ ದಶಕದಲ್ಲಿ ಇಟಲಿಯಿಂದ ತಂದು ಬೆಳೆಸಿದ್ದು. ಗಡ್ಡೆಗೆ ನಾಲ್ಕರಿಂದ ಆರೇ ಎಸಳು, ಆದರೆ ಒಂದೊಂದೂ ಹೆಬ್ಬೆರಳಿನಷ್ಟು ದಪ್ಪ. ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಸಾರಿನ ಒಗ್ಗರಣೆಗೆ ಒಂದು ಎಸಳು ಜಜ್ಜಿದರೆ ಮುಗಿಯಿತು.

ಈ ಬೆಳೆಯ ನಿಜವಾದ ಖುಷಿ ಗಡ್ಡೆಯಲ್ಲಿಲ್ಲ, ಜೂನ್‌ನ ಹೂದಂಟಿನಲ್ಲಿದೆ ಅಂತ ನನ್ನ ಅಭಿಪ್ರಾಯ. ಇಲ್ಲಿ ಅದನ್ನು ಸ್ಕೇಪ್ ಅನ್ನುತ್ತಾರೆ. ಗಿಡದ ನಡುವಿಂದ ಹಸಿರು ದಂಟು ಎದ್ದು, ಒಂದು ಸುತ್ತು ಸುರುಳಿ ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಚೂಪು ಮೊಗ್ಗು. ಆ ಹಂತದಲ್ಲಿ ಬುಡದ ಹತ್ತಿರ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ, ಬೆರಳಿಗೆ ಅಂಟು ರಸ ಹತ್ತುತ್ತದೆ. ಮುರಿಯದೆ ಬಿಟ್ಟರೆ ಗಡ್ಡೆ ಸಣ್ಣದಾಗುತ್ತದೆ. ಮುರಿದದ್ದನ್ನು ಬೀನ್ಸ್ ಹಾಗೆ ಹೆಚ್ಚಿ, ಸಾಸಿವೆ ಒಗ್ಗರಣೆಗೆ ಹಾಕಿ, ಮೇಲೆ ಗುರೆಳ್ಳು ಪುಡಿ ಉದುರಿಸಿದರೆ ರೊಟ್ಟಿಗೆ ಪಲ್ಯ ತಯಾರು. ಬೆಳ್ಳುಳ್ಳಿ ಘಮ ಇರುತ್ತದೆ, ಘಾಟಿರುವುದಿಲ್ಲ. ಅಂಗಡಿಯಲ್ಲಿ ಕೆಲವೇ ವಾರ ಸಿಗುತ್ತದೆ, ಬೆಲೆಯೂ ಬಿಸಿ.

ಜುಲೈಯಲ್ಲಿ ಕೆಳಗಿನ ಮೂರು ನಾಲ್ಕು ಎಲೆ ಒಣಗಿ, ಮೇಲಿನವು ಹಸಿರಿರುವಾಗಲೇ ಅಗೆಯಬೇಕು. ಒಂದೊಂದು ಎಲೆಯೂ ಗಡ್ಡೆಯ ಒಂದೊಂದು ಹೊರಸಿಪ್ಪೆ. ಎಲ್ಲ ಒಣಗಲಿ ಅಂತ ಕಾದರೆ ಮಣ್ಣಲ್ಲೇ ಬಾಯಿ ಬಿಡುತ್ತವೆ. ಕಿತ್ತದ್ದನ್ನು ತೊಳೆಯುವುದು ಬೇಡ. ಗ್ಯಾರೇಜಿನ ನೆರಳಲ್ಲಿ ಕಟ್ಟು ಕಟ್ಟಿ ಎರಡು ಮೂರು ವಾರ ತೂಗುಹಾಕಿದರೆ ಸಾಕು. ಆಗ ಕಾರಿಗೂ ಅದೇ ವಾಸನೆ. ಅತಿ ದಪ್ಪ ಗಡ್ಡೆಗಳನ್ನು ಮುಂದಿನ ಅಕ್ಟೋಬರ್‌ಗೆ ಬೀಜಕ್ಕೆ ಎತ್ತಿಡಬೇಕು. ದೊಡ್ಡವನ್ನು ಮೊದಲು ತಿಂದು ಪುಡಿ ಎಸಳು ನೆಟ್ಟರೆ ಬೆಳೆಯೂ ಹಾಗೇ ಬರುತ್ತದೆ.

ಇಷ್ಟೆಲ್ಲ ಹೊಗಳಿದರೂ ಶೇಂಗಾ ಚಟ್ನಿಪುಡಿಗೆ ಇದು ಸಾಲದು. ಇದರ ಎಸಳಲ್ಲಿ ನೀರಿನಂಶ ಹೆಚ್ಚು, ಕುಟ್ಟಿದರೆ ಪುಡಿ ಮುದ್ದೆಯಾಗುತ್ತದೆ. ಅದಕ್ಕೆ ಗದಗಿನ ಕಡೆಯ ಜವಾರಿ ಬಳ್ಳೊಳ್ಳಿಯೇ ಆಗಬೇಕು, ಎಸಳು ಎಷ್ಟೇ ಚಿಕ್ಕದಿರಲಿ. ಅದಕ್ಕೇ ಅವ್ವನಿಗೆ ಹೇಳಿದ್ದೇನೆ: ಈ ಕಡೆ ಬರುವವರು ಯಾರಾದರೂ ಸಿಕ್ಕರೆ ಬಳ್ಳೊಳ್ಳಿ ಬೇಡ, ಚಟ್ನಿಪುಡಿ ಮಾಡಿಯೇ ಕೊಟ್ಟು ಕಳಿಸು.